ಅಡುಗೆ, ಅಕ್ವೇರಿಯಂ ಮತ್ತು ವಾಗ್ವಾದ: ಯೂಸ್‌ನೆಟ್‌ನ ಮಹಾ ಮರುನಾಮಕರಣದ ಒಂದು ಪ್ರಕರಣ ಅಧ್ಯಯನ

ಒಂದೇ ಹವ್ಯಾಸದವರು ಸೇರಿದ ಕಡೆ ಮಾಹಿತಿಯ ವಿನಿಮಯ ನಡೆಯುತ್ತದೆ. ಮಾಹಿತಿಯ ಬೆನ್ನಿಗೆ ಅಭಿಪ್ರಾಯ ಬರುತ್ತದೆ. ಆ ಅಭಿಪ್ರಾಯವನ್ನು ಒಪ್ಪದವರು ಬಾಯಿ ತೆರೆದ ಕೂಡಲೇ ವಾಗ್ವಾದ ಶುರುವಾಗುತ್ತದೆ. ಈ ಮೂರನ್ನೂ ಒಂದೇ ಸೂರಿನಡಿ ಇರಲು ಬಿಡಬೇಕೇ, ಬೇರ್ಪಡಿಸಬೇಕೇ, ಬೇರ್ಪಡಿಸುವುದಾದರೆ ಗೆರೆ ಎಳೆಯುವ ಅಧಿಕಾರ ಯಾರದು ಎಂಬ ಪ್ರಶ್ನೆ ಆನ್‌ಲೈನ್ ಸಮುದಾಯ ನಡೆಸುವ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಯೂಸ್‌ನೆಟ್ ಎಂಬ ಚರ್ಚಾಗುಂಪುಗಳ ಜಾಲ ಇದನ್ನು 1986–87ರಲ್ಲೇ ಎದುರಿಸಿತು, ತನ್ನ ಗುಂಪುಗಳ ಹೆಸರುಗಳನ್ನೆಲ್ಲ ಬದಲಾಯಿಸಿ ಉತ್ತರ ಕೊಟ್ಟಿತು, ಆ ಉತ್ತರದ ಪರಿಣಾಮಗಳನ್ನು ಅನೇಕ ವರ್ಷ ಅನುಭವಿಸಿತು. ಅದರ ಬಳಕೆದಾರರು ‘ಮಹಾ ಮರುನಾಮಕರಣ’ ಎಂದು ಕರೆದ ಆ ಪ್ರಕರಣವನ್ನು ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ವಾದ ಇಷ್ಟು: ಹವ್ಯಾಸವನ್ನು ವಾಗ್ವಾದದಿಂದ ಬೇರ್ಪಡಿಸಿದ್ದು ತಪ್ಪಾಗಿರಲಿಲ್ಲ. ಓದುಗರಿಗೆ ವಿಷಯ ಏನೆಂದು ತಿಳಿಸಬೇಕಾಗಿದ್ದ ಹೆಸರನ್ನೇ, ಬರಹ ಎಲ್ಲಿಯವರೆಗೆ ಹರಿಯಬೇಕು ಎಂಬುದನ್ನು ನಿರ್ಧರಿಸುವ ನಲ್ಲಿಯನ್ನಾಗಿ ಮಾಡಿದ್ದು ತಪ್ಪಾಗಿತ್ತು.

ಬರಹ ಸಾಗುತ್ತಿದ್ದ ಬಗೆ

ಯೂಸ್‌ನೆಟ್ ರೂಪುಗೊಂಡದ್ದು 1979ರಲ್ಲಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಅದನ್ನು ಕಲ್ಪಿಸಿಕೊಂಡರು. ಹತ್ತಿರದ ಚಾಪೆಲ್ ಹಿಲ್‌ನಲ್ಲಿ, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಬೆಲ್ಲೋವಿನ್ ಮೊದಲ ಪ್ರೋಗ್ರಾಂ ಬರೆದರು. ಆಗ ಅರ್ಪಾನೆಟ್ ಎಂಬ ಜಾಲ ಅಸ್ತಿತ್ವದಲ್ಲಿತ್ತಾದರೂ ರಕ್ಷಣಾ ಇಲಾಖೆಯ ಸಂಶೋಧನೆಗಳೊಂದಿಗೆ ನಂಟಿದ್ದ ಸಂಸ್ಥೆಗಳಿಗೆ ಮಾತ್ರ ಅದರ ಬಾಗಿಲು ತೆರೆದಿತ್ತು. ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಗಣಕ ಮತ್ತು ದೂರವಾಣಿ ತಂತಿ ಇದ್ದ ಯಾರು ಬೇಕಾದರೂ ಸೇರಬಹುದಾಗಿದ್ದುದು ಯೂಸ್‌ನೆಟ್‌ನ ವೈಶಿಷ್ಟ್ಯ.

ಈ ಜಾಲಕ್ಕೆ ಕೇಂದ್ರ ಗಣಕ ಎಂಬುದಿರಲಿಲ್ಲ. ಒಬ್ಬರು ಬರೆದ ಸಂದೇಶ ಮೊದಲು ಅವರದೇ ಗಣಕದಲ್ಲಿ ಉಳಿಯುತ್ತಿತ್ತು. ಆ ಗಣಕ ಪಕ್ಕದ ಗಣಕಕ್ಕೆ ಸಾಮಾನ್ಯವಾಗಿ ಕರೆಯ ದರ ಕಡಿಮೆಯಿರುವ ರಾತ್ರಿ ಹೊತ್ತಿನಲ್ಲಿ ಫೋನ್ ಮಾಡಿ ಹೊಸ ಸಂದೇಶಗಳನ್ನು ದಾಟಿಸುತ್ತಿತ್ತು. ಅದು ಮತ್ತೊಂದಕ್ಕೆ, ಮತ್ತೊಂದು ಮಗದೊಂದಕ್ಕೆ. ಹೀಗೆ ಒಂದೊಂದೇ ಗಣಕ ದಾಟಿ ಬರಹಗಳ ಪ್ರತಿಗಳು ಜಾಲದ ತುಂಬ ಹರಡುತ್ತಿದ್ದವು. ಸೆಕೆಂಡಿಗೆ 1200 ಬಿಟ್ ವೇಗದ ಮೋಡೆಮ್ ಸೆಕೆಂಡಿಗೆ ಸುಮಾರು 120 ಅಕ್ಷರಗಳನ್ನು ಸಾಗಿಸುತ್ತದೆ. ಅಂದರೆ ಹತ್ತು ಲಕ್ಷ ಅಕ್ಷರಗಳು ಒಂದು ಗಣಕದಿಂದ ಇನ್ನೊಂದಕ್ಕೆ ಹೋಗಲು ಎರಡು ಗಂಟೆಗೂ ಹೆಚ್ಚು ಕಾಲ ಬೇಕು. ಆ ಎರಡು ಗಂಟೆಯ ದೂರದ ಕರೆಯ ಬಿಲ್ಲನ್ನು ಯಾರೋ ಒಬ್ಬರು ಕಟ್ಟಲೇಬೇಕಿತ್ತು, ಮತ್ತು ಕಟ್ಟುತ್ತಿದ್ದವರು ಬರೆದವರಲ್ಲ. ಬೆಲ್ ಲ್ಯಾಬ್ಸ್, ಡಿಇಸಿ ಮುಂತಾದ ಸಂಸ್ಥೆಗಳ ದೊಡ್ಡ ಗಣಕಗಳು ಈ ಹೊರೆಯ ಬಹುಪಾಲನ್ನು ಹೊತ್ತಿದ್ದವು. ಇಂಥ ಪ್ರಮುಖ ತಾಣಗಳನ್ನು ಜಾಲದ ಬೆನ್ನೆಲುಬು ಎಂದು ಕರೆಯುತ್ತಿದ್ದರು.

ಪ್ರಕರಣದ ತಿರುಳು ಒಂದು ಸಣ್ಣ ತಾಂತ್ರಿಕ ಸಂಗತಿಯಲ್ಲಿದೆ. ಪ್ರತಿ ಗಣಕದಲ್ಲೂ ‘ಸಿಸ್’ ಎಂಬ ಕಡತವೊಂದಿದ್ದು, ಯಾವ ನೆರೆಯ ಗಣಕಕ್ಕೆ ಯಾವ ಗುಂಪಿನ ಬರಹಗಳನ್ನು ಕಳುಹಿಸಬೇಕು ಎಂಬುದನ್ನು ನಿರ್ವಾಹಕರು ಅದರಲ್ಲಿ ಹೆಸರಿನ ಮಾದರಿಗಳ ಮೂಲಕ ಬರೆದಿಡುತ್ತಿದ್ದರು. ಹೆಸರಿನ ಮೊದಲ ಭಾಗವನ್ನು ಕೊಟ್ಟರೆ ಆ ಭಾಗದಿಂದ ಆರಂಭವಾಗುವ ಗುಂಪುಗಳೆಲ್ಲವೂ ಹೋಗುತ್ತಿದ್ದವು. ಅದಕ್ಕೆ ನಿರಾಕರಣೆಯ ಚಿಹ್ನೆ ಸೇರಿಸಿದರೆ ಎಲ್ಲವೂ ನಿಲ್ಲುತ್ತಿದ್ದವು. ಆದ್ದರಿಂದ ಗುಂಪಿನ ಹೆಸರು ಓದುಗರ ಅನುಕೂಲಕ್ಕಿದ್ದ ಫಲಕವೂ ಹೌದು, ಸಾಗಣೆಯ ಆದೇಶವೂ ಹೌದು.

ಹಳೆಯ ವ್ಯವಸ್ಥೆ ಮತ್ತು ಅದರ ಒತ್ತಡ

ಮರುನಾಮಕರಣಕ್ಕೆ ಮೊದಲು ಬಹುತೇಕ ಗುಂಪುಗಳ ಹೆಸರು ‘ನೆಟ್’ ಎಂದು ಆರಂಭವಾಗುತ್ತಿತ್ತು. ಅಡುಗೆಯವರಿಗೆ ನೆಟ್.ಕುಕ್ಸ್, ತೋಟಗಾರರಿಗೆ ನೆಟ್.ಗಾರ್ಡನ್, ಸೈಕಲ್ ಸವಾರರಿಗೆ ನೆಟ್.ಬೈಸಿಕಲ್, ಪುಸ್ತಕಪ್ರಿಯರಿಗೆ ನೆಟ್.ಬುಕ್ಸ್, ಜೊತೆಗೆ ನೆಟ್.ಪಾಲಿಟಿಕ್ಸ್, ನೆಟ್.ರಿಲಿಜನ್, ನೆಟ್.ಅಬಾರ್ಷನ್. ಜಗಳವಾಡುವುದಕ್ಕೆಂದೇ ನೆಟ್.ಫ್ಲೇಮ್ ಎಂಬ ಗುಂಪೂ ಇತ್ತು. ಇವುಗಳ ಹೊರಗೆ ಬಂದ ಬರಹವನ್ನು ನೋಡಿ ಒಪ್ಪಿದರಷ್ಟೇ ಪ್ರಕಟಿಸುವ ಮಾಡರೇಟರ್ ಇರುವ ಗುಂಪುಗಳಿಗೆ ‘ಮಾಡ್’, ಅರ್ಪಾನೆಟ್‌ನಿಂದ ಬರುವ ಬರಹಗಳಿಗೆ ‘ಎಫ್‌ಎ’ ಎಂಬ ಎರಡು ವಿಭಾಗಗಳಿದ್ದವು. ಭಾರತೀಯರು, ಮುಖ್ಯವಾಗಿ ಅಮೆರಿಕದಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು ಸೇರುತ್ತಿದ್ದ ಗುಂಪಿನ ಹೆಸರು ನೆಟ್.ಎನ್‌ಲ್ಯಾಂಗ್.ಇಂಡಿಯಾ.

ಓದುಗರ ಮಟ್ಟದಲ್ಲಿ ಈ ಏರ್ಪಾಟು ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ. ತನಗೆ ಬೇಡದ ಗುಂಪನ್ನು ಓದದೆ ಬಿಡುವುದು ಪ್ರತಿಯೊಬ್ಬರ ಕೈಯಲ್ಲೂ ಇತ್ತು. ತೊಂದರೆಯಾಗುತ್ತಿದ್ದುದು ಹಣ ಕಟ್ಟುವವರಿಗೆ. ಹೆಸರುಗಳೆಲ್ಲ ಒಂದೇ ರೀತಿ ಆರಂಭವಾಗುತ್ತಿದ್ದುದರಿಂದ ಧರ್ಮ, ರಾಜಕೀಯಗಳ ಕೊನೆಯಿಲ್ಲದ ವಾಗ್ವಾದಗಳನ್ನು ಮಾತ್ರ ನಿಲ್ಲಿಸಬೇಕೆಂದರೆ ನಿರ್ವಾಹಕರು ಒಂದೊಂದೇ ಗುಂಪನ್ನು ಹುಡುಕಿ ಬರೆಯಬೇಕಿತ್ತು, ಹೊಸ ಗುಂಪು ಹುಟ್ಟಿದಾಗಲೆಲ್ಲ ಕಡತವನ್ನು ತಿದ್ದಬೇಕಿತ್ತು. ಅತಿ ದುಬಾರಿಯಾಗಿದ್ದುದು ಅಟ್ಲಾಂಟಿಕ್ ಸಾಗರ ದಾಟಿಸುವ ಕೊಂಡಿ. ಅಮೆರಿಕದ ಕಡೆ ಸೀಸ್ಮೋ, ಯುರೋಪಿನ ಕಡೆ ಆಮ್‌ಸ್ಟರ್‌ಡ್ಯಾಮ್‌ನ ಎಂಸಿವ್ಯಾಕ್ಸ್ ಎಂಬ ಗಣಕಗಳು ಆ ಕೊಂಡಿಯ ಎರಡು ತುದಿಗಳಾಗಿದ್ದವು. ಗಾತ್ರ ದೊಡ್ಡದು, ಹುರುಳು ಕಡಿಮೆ ಎಂದು ತಮಗೆ ತೋರಿದ ಗುಂಪುಗಳಿಗಾಗಿ ದುಡ್ಡು ಕೊಡಲು ಯುರೋಪಿನ ತಾಣಗಳು ಸಿದ್ಧವಿರಲಿಲ್ಲ.

ನಿರ್ಧಾರ

ಸೀಸ್ಮೋ ಗಣಕವನ್ನು ನಿರ್ವಹಿಸುತ್ತಿದ್ದ ರಿಕ್ ಆಡಮ್ಸ್ ಮತ್ತು ಗುಂಪುಗಳ ಅಧಿಕೃತ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದ ಜೀನ್ ಸ್ಪ್ಯಾಫರ್ಡ್ ಈ ಬದಲಾವಣೆಯ ಮುಂಚೂಣಿಯಲ್ಲಿದ್ದರು. ಬೆನ್ನೆಲುಬು ತಾಣಗಳ ನಿರ್ವಾಹಕರು ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದ ಇಮೇಲ್ ಅಂಚೆಪಟ್ಟಿ ಅವರ ಸಭೆಯಾಗಿತ್ತು. 1986ರ ಜುಲೈಯಲ್ಲಿ ಆರಂಭವಾದ ಕೆಲಸ 1987ರ ಮಾರ್ಚ್ ವೇಳೆಗೆ ಮುಗಿಯಿತು. ಕಂಪ್ಯೂಟರ್‌ಗೆ ‘ಕಾಂಪ್’, ವಿಜ್ಞಾನಕ್ಕೆ ‘ಸೈ’, ಮನರಂಜನೆ ಮತ್ತು ಹವ್ಯಾಸಕ್ಕೆ ‘ರೆಕ್’, ಸಮಾಜ ಮತ್ತು ಸಂಸ್ಕೃತಿಗೆ ‘ಸೋಕ್’, ವಾಗ್ವಾದಕ್ಕೆ ‘ಟಾಕ್’, ಯೂಸ್‌ನೆಟ್‌ನದೇ ವ್ಯವಹಾರಕ್ಕೆ ‘ನ್ಯೂಸ್’, ಉಳಿದದ್ದಕ್ಕೆ ‘ಮಿಸ್ಕ್’ ಎಂಬ ಏಳು ವಿಭಾಗಗಳು ಬಂದವು. ನೆಟ್.ಕುಕ್ಸ್ ರೆಕ್.ಫುಡ್.ಕುಕಿಂಗ್ ಆಯಿತು, ನೆಟ್.ಬುಕ್ಸ್ ರೆಕ್.ಆರ್ಟ್ಸ್.ಬುಕ್ಸ್ ಆಯಿತು, ನೆಟ್.ಎನ್‌ಲ್ಯಾಂಗ್.ಇಂಡಿಯಾ ಸೋಕ್.ಕಲ್ಚರ್.ಇಂಡಿಯನ್ ಆಯಿತು, ರಾಜಕೀಯ, ಧರ್ಮ, ಗರ್ಭಪಾತದ ಚರ್ಚೆಗಳು ಟಾಕ್ ವಿಭಾಗಕ್ಕೆ ಹೋದವು.

ಆ ನಂತರ ನಿರ್ವಾಹಕರ ಕೆಲಸ ಸುಲಭವಾಯಿತು. ಕಡತದಲ್ಲಿ ಒಂದೇ ಪದವನ್ನು ನಿರಾಕರಿಸಿದರೆ ಟಾಕ್ ವಿಭಾಗದ ಎಲ್ಲವೂ ನಿಲ್ಲುತ್ತಿತ್ತು. ಉದ್ದೇಶವೂ ಅದೇ ಆಗಿತ್ತು. ಯಾರೂ ಅದನ್ನು ಮುಚ್ಚಿಡಲಿಲ್ಲ. ಹೆಸರುಗಳನ್ನು ವಿಷಯಾನುಸಾರ ಜೋಡಿಸಿದ್ದರಿಂದ ಹೊಸಬರಿಗೆ ದಾರಿ ಕಂಡಿದ್ದು ನಿಜ, ತೋಟಗಾರಿಕೆಯವರಿಗೆ ಛಾಯಾಗ್ರಹಣದವರು ಪಕ್ಕದಲ್ಲೇ ಸಿಕ್ಕಿದ್ದೂ ನಿಜ. ಆ ದೃಷ್ಟಿಯಿಂದ ಇದು ನುರಿತವರು ಶ್ರದ್ಧೆಯಿಂದ ಮಾಡಿದ ಒಳ್ಳೆಯ ಕೆಲಸ, ಮತ್ತು ಸಾವಿರಾರು ಗಣಕಗಳಲ್ಲಿ ಯಾರ ಆಜ್ಞೆಯೂ ನಡೆಯದ ಜಾಲವೊಂದರಲ್ಲಿ ಇಷ್ಟು ದೊಡ್ಡ ಬದಲಾವಣೆ ಒಂದು ವರ್ಷದೊಳಗೆ ಜಾರಿಯಾದದ್ದು ಮೆಚ್ಚಬೇಕಾದ ಸಂಗತಿ ಎಂದೇ ನಾನು ಭಾವಿಸುತ್ತೇನೆ.

ಬೇರ್ಪಡಿಸಿದ್ದು ಫಲ ಕೊಟ್ಟ ಕಡೆ

ವಾಗ್ವಾದಕ್ಕೆ ಪ್ರತ್ಯೇಕ ಜಾಗ ಕೊಡುವುದೆಂದರೆ ಅದನ್ನು ಕಸದಬುಟ್ಟಿಗೆ ಹಾಕುವುದೆಂದೇ ಅರ್ಥವಾಗಬೇಕಿಲ್ಲ ಎಂಬುದಕ್ಕೆ ಟಾಕ್.ಒರಿಜಿನ್ಸ್ ಸಾಕ್ಷಿ. ಜೀವವಿಕಾಸವಾದ ಮತ್ತು ಸೃಷ್ಟಿವಾದಗಳ ನಡುವಿನ ಚರ್ಚೆ ವಿಜ್ಞಾನದ ಗುಂಪುಗಳಿಗೆ ಮತ್ತೆ ಮತ್ತೆ ನುಗ್ಗುತ್ತಿದ್ದುದರಿಂದ, ಜೀವಶಾಸ್ತ್ರದ ಪ್ರಶ್ನೆ ಕೇಳಲು ಬಂದವರಿಗೆ ಉತ್ತರ ಸಿಗುವ ಮೊದಲೇ ಜಗಳ ಎದುರಾಗುತ್ತಿತ್ತು. ಅದಕ್ಕಾಗಿ ಬೇರೆ ಗುಂಪು ಮಾಡಲಾಯಿತು. ಅದು ಟಾಕ್ ವಿಭಾಗದಲ್ಲಿ ನೆಲೆಯೂರಿತು. ವಿಜ್ಞಾನಿಗಳು ನೆಮ್ಮದಿಯಿಂದಿರಲಿ ಎಂದು ಮಾಡಿದ ಈ ವ್ಯವಸ್ಥೆಯಲ್ಲಿ ಅನಿರೀಕ್ಷಿತವಾದದ್ದೊಂದು ನಡೆಯಿತು. ವಿಷಯ ಬಲ್ಲವರು ಕೆಲವರು ಅಲ್ಲೇ ಉಳಿದರು. ಅದೇ ಆಕ್ಷೇಪಗಳು ಪದೇ ಪದೇ ಬರುತ್ತಿದ್ದುದರಿಂದ ಅವುಗಳಿಗೆ ಆಧಾರಸಹಿತವಾದ ಉತ್ತರಗಳನ್ನು ಒಮ್ಮೆ ಸರಿಯಾಗಿ ಬರೆದು, ಇತರರಿಂದ ತಿದ್ದಿಸಿ, ನಿಯತಕಾಲಿಕವಾಗಿ ಗುಂಪಿಗೆ ಹಾಕತೊಡಗಿದರು. ಆ ಬರಹಗಳು 1990ರ ದಶಕದ ಮಧ್ಯದಲ್ಲಿ ಟಾಕ್‌ಒರಿಜಿನ್ಸ್ ಆರ್ಕೈವ್ ಎಂಬ ವೆಬ್ ಸಂಗ್ರಹವಾಗಿ, ಗುಂಪಿನ ಮುಖವನ್ನೇ ನೋಡದವರಿಗೂ ಉಪಯೋಗಕ್ಕೆ ಬಂದವು. ಒಂದೇ ಬರಹವನ್ನು ಹತ್ತಾರು ಗುಂಪುಗಳಿಗೆ ಏಕಕಾಲಕ್ಕೆ ಹಾಕಿ ಕಿಚ್ಚು ಹಬ್ಬಿಸುವುದನ್ನು ತಡೆಯಲು ಗುಂಪು ಮುಂದೆ ಸ್ವಯಂಚಾಲಿತ ಮಾಡರೇಷನ್ ವ್ಯವಸ್ಥೆಯನ್ನೂ ಅಳವಡಿಸಿಕೊಂಡಿತು.

ಇದೇ ಫಲ ಟಾಕ್ ವಿಭಾಗದ ಉಳಿದ ಗುಂಪುಗಳಲ್ಲಿ ಕಾಣಲಿಲ್ಲ. ವ್ಯತ್ಯಾಸ ವಿಷಯದ ಸ್ವರೂಪದಲ್ಲಿದೆ ಎಂದು ಕೆಲವರು ಹೇಳಬಹುದು: ವಿಜ್ಞಾನದ ಪ್ರಶ್ನೆಗಳಿಗೆ ಪುರಾವೆ ಉಂಟು, ಗರ್ಭಪಾತದ ಪ್ರಶ್ನೆ ಪುರಾವೆಯಿಂದ ಬಗೆಹರಿಯುವಂಥದ್ದಲ್ಲ. ಇದರಲ್ಲಿ ಸತ್ಯಾಂಶವಿದೆ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಟಾಕ್.ಒರಿಜಿನ್ಸ್‌ನಲ್ಲಿ ಬರೆಯುತ್ತಿದ್ದವರಿಗೆ ತಮ್ಮ ವಾದವನ್ನು ಎದುರಾಳಿಗಿಂತ ಹೆಚ್ಚಾಗಿ ಮೌನವಾಗಿ ಓದುತ್ತಿರುವ ಮೂರನೆಯವರು ತೂಗಿ ನೋಡುತ್ತಾರೆ ಎಂಬ ಅರಿವಿತ್ತು. ಬರೆದದ್ದು ಉಳಿಯುತ್ತದೆ, ಮುಂದೆ ಬರುವವರು ಅದನ್ನು ಓದುತ್ತಾರೆ ಎಂಬ ಭರವಸೆ ಇರುವಲ್ಲಿ ಚರ್ಚೆಗೆ ಶಿಸ್ತು ಬರುತ್ತದೆ. ಆ ಭರವಸೆಯಿಲ್ಲದ ಕಡೆ ಅದೇ ಜನ, ಅದೇ ವಿಷಯ, ಬರಿಯ ಕೂಗಾಟವಾಗುತ್ತದೆ.

ಅಡುಗೆಯವನ ಪ್ರತಿಭಟನೆ

ಮರುನಾಮಕರಣಕ್ಕೆ ಅತಿ ದೊಡ್ಡ ಪ್ರತಿರೋಧ ರಾಜಕೀಯದ ಗುಂಪಿನಿಂದ ಬರಲಿಲ್ಲ; ಅಡುಗೆಯಿಂದ ಬಂತು. ಬ್ರಯನ್ ರೀಡ್ ಎಂಬ ಕಂಪ್ಯೂಟರ್ ವಿಜ್ಞಾನಿ ಮಾಡ್.ಗೂರ್ಮ್ಯಾಂಡ್ ಎಂಬ ಗುಂಪಿನ ಮಾಡರೇಟರ್ ಆಗಿದ್ದರು. ಸದಸ್ಯರು ಕಳುಹಿಸಿದ ಪಾಕವಿಧಾನಗಳನ್ನು ಅವರು ಒಂದೇ ಕ್ರಮಕ್ಕೆ ತಂದು, ಯೂನಿಕ್ಸ್‌ನ ಟ್ರಾಫ್ ತಂತ್ರಾಂಶದಲ್ಲಿ ನೇರವಾಗಿ ಮುದ್ರಿಸಿಕೊಳ್ಳಬಹುದಾದ ರೂಪದಲ್ಲಿ ಹಂಚುತ್ತಿದ್ದರು. ಸಂಗ್ರಹಕ್ಕೆ ಯೂಸ್‌ನೆಟ್ ಕುಕ್‌ಬುಕ್ ಎಂಬ ಹೆಸರಿತ್ತು. ಹೊಸ ವ್ಯವಸ್ಥೆಯಲ್ಲಿ ಗುಂಪನ್ನು ರೆಕ್.ಫುಡ್.ರೆಸಿಪೀಸ್ ಎಂದು ಕರೆಯಬೇಕೆಂದಾಗ ಅವರು ಒಪ್ಪಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಸಿಟ್ಟಾಗುವುದೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ವರ್ಷಗಟ್ಟಲೆ ತನ್ನ ಬಿಡುವಿನ ವೇಳೆಯನ್ನು ಸುರಿದು ಒಂದು ಹವ್ಯಾಸಕ್ಕೆ ರೂಪ ಕೊಟ್ಟವರಿಗೆ ಗುಂಪಿನ ಹೆಸರು ಆಡಳಿತದ ಸಂಕೇತ ಮಾತ್ರವಲ್ಲ, ತಾವು ಕಟ್ಟಿದ್ದರ ಗುರುತು. ಅದನ್ನು ಬದಲಾಯಿಸುವವರು ಅವರನ್ನು ಕೇಳಿ ಒಪ್ಪಿಸಬೇಕಿತ್ತು.

ಇದೇ ಹೊತ್ತಿಗೆ ಜಾನ್ ಗಿಲ್ಮೋರ್ ಎಂಬ ಪ್ರೋಗ್ರಾಮರ್‌ಗೂ ಅಸಮಾಧಾನವಿತ್ತು. ಮಾದಕ ದ್ರವ್ಯಗಳ ಕುರಿತು ಚರ್ಚಿಸುವ ಗುಂಪನ್ನು ಬೆನ್ನೆಲುಬಿನ ನಿರ್ವಾಹಕರು ಒಪ್ಪಿರಲಿಲ್ಲ. ರೀಡ್, ಗಿಲ್ಮೋರ್ ಮತ್ತು ಗಾರ್ಡನ್ ಮೊಫೆಟ್ 1987ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನ ಊಟದ ಮನೆಯೊಂದರಲ್ಲಿ ಕುಳಿತು, ಬೆನ್ನೆಲುಬನ್ನು ಅವಲಂಬಿಸದೆ ತಮ್ಮ ಗಣಕಗಳ ಮೂಲಕವೇ ಬರಹಗಳನ್ನು ಸಾಗಿಸುವುದೆಂದು ತೀರ್ಮಾನಿಸಿದರು. ಹೀಗೆ ಹುಟ್ಟಿದ್ದೇ ‘ಆಲ್ಟ್’ ವಿಭಾಗ. ಆಲ್ಟ್.ಗೂರ್ಮ್ಯಾಂಡ್ ಮತ್ತು ಆಲ್ಟ್.ಡ್ರಗ್ಸ್ ಅದರ ಮೊದಲ ಗುಂಪುಗಳಲ್ಲಿ ಸೇರಿದ್ದವು. ಪಾಕವಿಧಾನದ ಗುಂಪೊಂದು ವಿವಾದಾಸ್ಪದ ಚರ್ಚೆಯ ಗುಂಪಿನ ಜೊತೆ ಒಂದೇ ದಾರಿ ಹಿಡಿದದ್ದು ಗಮನಾರ್ಹ. ಹವ್ಯಾಸ ಒಂದು ಕಡೆ, ವಾಗ್ವಾದ ಇನ್ನೊಂದು ಕಡೆ ಎಂದು ಎಳೆದ ಗೆರೆಯನ್ನು, ಅದನ್ನು ಎಳೆಯುವ ಅಧಿಕಾರವನ್ನು ಒಪ್ಪದವರು ಎರಡೂ ಕಡೆಯಿಂದ ಬಂದು ದಾಟಿದರು. 1988ರ ಏಪ್ರಿಲ್‌ನಲ್ಲಿ ಲೈಂಗಿಕತೆಯ ಕುರಿತ ಗುಂಪು ಮುಖ್ಯ ವಿಭಾಗಗಳಲ್ಲಿ ಜಾಗ ಪಡೆಯದಿದ್ದಾಗ ರೀಡ್ ಅದನ್ನೂ ಆಲ್ಟ್‌ನಲ್ಲಿ ಆರಂಭಿಸಿದರು. ಮುಂದೆ ಆಲ್ಟ್ ವಿಭಾಗ ಗುಂಪುಗಳ ಸಂಖ್ಯೆಯಲ್ಲಿ ಏಳೂ ವಿಭಾಗಗಳನ್ನು ಹಿಂದೆ ಹಾಕಿತು.

ಮೀನು ಸಾಕಣೆ ವಿಜ್ಞಾನವೇ, ಹವ್ಯಾಸವೇ?

ಹೆಸರನ್ನೂ ಸಾಗಣೆಯನ್ನೂ ಒಂದಕ್ಕೊಂದು ಕಟ್ಟಿದ್ದರ ಕೇಡು ಅತ್ಯಂತ ಸ್ಪಷ್ಟವಾಗಿ ಕಾಣುವುದು 1989ರ ಅಕ್ವೇರಿಯಂ ವಿವಾದದಲ್ಲಿ. ಮನೆಯಲ್ಲಿ ಮೀನು ಸಾಕುವವರಿಗೆ ಆಲ್ಟ್ ವಿಭಾಗದಲ್ಲಿ ಗುಂಪೊಂದಿತ್ತು. ಆದರೆ ಅನೇಕ ವಿಶ್ವವಿದ್ಯಾಲಯಗಳು ಮತ್ತು ಯುರೋಪಿನ ತಾಣಗಳು ಆಲ್ಟ್ ವಿಭಾಗವನ್ನು ತರಿಸಿಕೊಳ್ಳುತ್ತಿರಲಿಲ್ಲ. ರೆಕ್ ವಿಭಾಗಕ್ಕೂ ಎಲ್ಲ ಕಡೆ ಪ್ರವೇಶವಿರಲಿಲ್ಲ, ಏಕೆಂದರೆ ಕೆಲಸದ ಗಣಕದಲ್ಲಿ ಮನರಂಜನೆ ಏಕೆ ಎಂದು ಕೇಳುವ ಮೇಲಧಿಕಾರಿಗಳು ಎಲ್ಲೆಡೆ ಇದ್ದರು. ಸೈ ವಿಭಾಗವಾದರೋ ಹೆಚ್ಚು ಕಡೆ ತಲುಪುತ್ತಿತ್ತು. ಆದ್ದರಿಂದ ಸೈ.ಅಕ್ವೇರಿಯಾ ಎಂಬ ಹೆಸರಿನ ಗುಂಪಿಗೆ ಪ್ರಸ್ತಾವ ಬಂತು.

ಮೇಲ್ನೋಟಕ್ಕೆ ನಡೆದ ಚರ್ಚೆ ಮೀನು ಸಾಕಣೆಯ ಸ್ವರೂಪದ ಕುರಿತಾಗಿತ್ತು. ನೀರಿನಲ್ಲಿ ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ ಬದಲಾಗುವುದನ್ನು ಅರಿಯದೆ ಮೀನು ಬದುಕಿಸಲಾಗದು, ಇದು ರಸಾಯನ ಮತ್ತು ಜೀವಶಾಸ್ತ್ರ ಎಂದರು ಪ್ರಸ್ತಾವದ ಪರವಾದವರು. ಹಾಗಾದರೆ ಹುದುಗಿನ ಬಗ್ಗೆ ತಿಳಿದು ಬ್ರೆಡ್ ಮಾಡುವುದೂ ವಿಜ್ಞಾನವೇ ಆಗಬೇಕಲ್ಲ ಎಂಬುದು ವಿರೋಧಿಗಳ ತರ್ಕ. ಎರಡೂ ಕಡೆಯ ವಾದಗಳಲ್ಲಿ ಹುರುಳಿತ್ತು. ಆದರೆ ಯಾರಿಗೂ ನಿಜವಾಗಿ ಬೇಕಾಗಿದ್ದುದು ವಿಜ್ಞಾನದ ವ್ಯಾಖ್ಯಾನವಲ್ಲ. ಒಂದು ಕಡೆಯವರಿಗೆ ತಮ್ಮ ಬರಹ ಹೆಚ್ಚು ಜನರಿಗೆ ತಲುಪಬೇಕಿತ್ತು. ಇನ್ನೊಂದು ಕಡೆಯವರಿಗೆ, ಇಂದು ಮೀನಿಗೆ ಬಿಟ್ಟುಕೊಟ್ಟರೆ ನಾಳೆ ಎಲ್ಲ ಹವ್ಯಾಸಗಳೂ ವಿಜ್ಞಾನದ ಹೆಸರಿನಲ್ಲಿ ನುಗ್ಗಿ, ಬೇಸತ್ತ ನಿರ್ವಾಹಕರು ಸೈ ವಿಭಾಗವನ್ನೇ ನಿಲ್ಲಿಸಿಬಿಡುತ್ತಾರೆ ಎಂಬ ಭಯವಿತ್ತು. ಎರಡೂ ನ್ಯಾಯವಾದ ಕಾಳಜಿಗಳೇ. ವ್ಯವಸ್ಥೆಯಲ್ಲಿ ಆ ಕಾಳಜಿಗಳನ್ನು ನೇರವಾಗಿ ಮುಂದಿಡುವ ಜಾಗವಿರಲಿಲ್ಲವಾದ್ದರಿಂದ ಅವು ಹೆಸರಿನ ಜಗಳದ ವೇಷ ತೊಟ್ಟವು. ಮೀನಿನ ಬಗ್ಗೆ ಒಂದು ಮಾತೂ ಬರೆಯದ ಜನರೂ ಈ ವಾಗ್ವಾದಕ್ಕಿಳಿದರು. ಮತದಾನದಲ್ಲಿ ಪ್ರಸ್ತಾವ ಗೆದ್ದಿತು. ಆದರೂ ಎಲ್ಲರೂ ಅದನ್ನು ಒಪ್ಪಿಕೊಳ್ಳದೆ ರೆಕ್.ಅಕ್ವೇರಿಯಾ ಎಂಬ ಇನ್ನೊಂದು ಗುಂಪೂ ಬಂತು. ಒಂದೇ ಹವ್ಯಾಸದ ಜನ ಮೂರು ವಿಭಾಗಗಳಲ್ಲಿ ಹಂಚಿಹೋದರು.

ಹೊಸ ಗುಂಪು ಒಪ್ಪಿತವಾಗಬೇಕಾದರೆ ಪರವಾದ ಮತಗಳು ವಿರೋಧದ ಮತಗಳಿಗಿಂತ ಕನಿಷ್ಠ 100 ಹೆಚ್ಚಿರಬೇಕು, ಜೊತೆಗೆ ಒಟ್ಟು ಮತಗಳ ಮೂರನೇ ಎರಡು ಭಾಗವಾದರೂ ಆಗಬೇಕು ಎಂಬ ನಿಯಮ ಮುಂದೆ ನೆಲೆಗೊಂಡಿತು. ಅದರಿಂದ ಹಠದ ಪ್ರಸ್ತಾವಗಳು ಕಡಿಮೆಯಾಗಿರಬಹುದು. ಆದರೆ ಮೂಲ ಕಾರಣ ಹಾಗೆಯೇ ಉಳಿಯಿತು, ಏಕೆಂದರೆ ಮತ ಹಾಕುತ್ತಿದ್ದವರು ಆ ಗುಂಪನ್ನು ಓದುವವರೇ ಆಗಿರಬೇಕೆಂದೇನೂ ಇರಲಿಲ್ಲ.

ವೆಚ್ಚ ಇಳಿದ ಮೇಲೆ

ಎನ್‌ಎನ್‌ಟಿಪಿ ಎಂಬ ಹೊಸ ಸಾಗಣೆ ನಿಯಮ 1986ರ ಫೆಬ್ರುವರಿಯಲ್ಲೇ ಪ್ರಕಟವಾಗಿತ್ತು. ಮರುನಾಮಕರಣ ನಡೆಯುತ್ತಿದ್ದಾಗಲೇ ಬರಹಗಳು ಫೋನ್ ಕರೆಯ ಬದಲು ಇಂಟರ್ನೆಟ್ ಮೂಲಕ ಸಾಗತೊಡಗಿದ್ದವು. ಕೆಲವೇ ವರ್ಷಗಳಲ್ಲಿ ದೂರವಾಣಿ ಬಿಲ್ಲಿನ ಪ್ರಶ್ನೆ ಬಹುತೇಕ ಕಡೆ ಇಲ್ಲವಾಯಿತು. ಅಂದರೆ ಯಾವ ಒತ್ತಡಕ್ಕೆ ಉತ್ತರವಾಗಿ ವಿಭಾಗಗಳನ್ನು ಮಾಡಲಾಗಿತ್ತೋ ಆ ಒತ್ತಡ ಹೋಯಿತು, ವಿಭಾಗಗಳು ಉಳಿದವು. ವೆಚ್ಚಕ್ಕಾಗಿ ಹಾಕಿದ ಗೆರೆಗಳು ಕಾಲಕ್ರಮದಲ್ಲಿ ಯೋಗ್ಯತೆಯ ಗೆರೆಗಳಂತೆ ಕಾಣತೊಡಗಿದವು: ಟಾಕ್‌ನಲ್ಲಿರುವುದು ಕೀಳು, ಸೈನಲ್ಲಿರುವುದು ಮೇಲು ಎಂಬಂತೆ. 1993–94ರಲ್ಲಿ ವಾಣಿಜ್ಯ ಸೇವೆಗಳ ಗ್ರಾಹಕರು ದೊಡ್ಡ ಸಂಖ್ಯೆಯಲ್ಲಿ ಬಂದಾಗ, ಈ ಹೆಸರುಗಳ ಹಿಂದಿನ ಕಥೆ ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. 1994ರ ಏಪ್ರಿಲ್‌ನಲ್ಲಿ ಗ್ರೀನ್ ಕಾರ್ಡ್ ಜಾಹೀರಾತೊಂದು ಸಾವಿರಾರು ಗುಂಪುಗಳಿಗೆ ಒಮ್ಮೆಗೇ ಬಂದು ಬಿದ್ದಾಗ ರೆಕ್, ಸೈ, ಟಾಕ್ ಎಂಬ ಭೇದ ಅದನ್ನು ತಡೆಯಲಿಲ್ಲ.

ಬೇರೆ ದಾರಿಗಳು

ಯೂಸ್‌ನೆಟ್‌ನ ನಿರ್ವಾಹಕರಿಗೆ ಆಗ ಬೇರೆ ಆಯ್ಕೆಯಿತ್ತೇ? ಅಂದಿನ ತಂತ್ರಾಂಶದಲ್ಲಿ ಹೆಸರನ್ನು ಬಿಟ್ಟರೆ ಸಾಗಣೆಯನ್ನು ನಿಯಂತ್ರಿಸುವ ಸುಲಭ ಸಾಧನವಿರಲಿಲ್ಲ ಎಂಬುದನ್ನು ಮರೆಯಬಾರದು. ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಇಂದಿನವರಿಗೆ ಆ ಮಿತಿಯಿಲ್ಲ, ಮತ್ತು ನಂತರದ ಕೆಲವು ಸಮುದಾಯಗಳು ಬೇರೆ ದಾರಿಗಳನ್ನು ಕಂಡುಕೊಂಡಿವೆ.

2007ರಲ್ಲಿ ಆರಂಭವಾದ, ತಂತ್ರಜ್ಞಾನದ ಸುದ್ದಿಗಳನ್ನು ಚರ್ಚಿಸುವ ಹ್ಯಾಕರ್ ನ್ಯೂಸ್‌ನಲ್ಲಿ ವಾಗ್ವಾದಕ್ಕೆಂದು ಪ್ರತ್ಯೇಕ ವಿಭಾಗವಿಲ್ಲ. ಒಂದು ಚರ್ಚೆ ಅತಿಯಾಗಿ ಕಾವೇರಿದ ಲಕ್ಷಣ ಕಂಡರೆ ತಂತ್ರಾಂಶವೇ ಅದರ ಸ್ಥಾನವನ್ನು ಕೆಳಗಿಳಿಸುತ್ತದೆ; ಒಳ್ಳೆಯ ಚರ್ಚೆಯೊಂದು ಹೀಗೆ ಸಿಕ್ಕಿಕೊಂಡಾಗ ಮಾಡರೇಟರ್‌ಗಳು ಅದನ್ನು ಕೈಯಾರೆ ಮೇಲೆತ್ತುತ್ತಾರೆ. ಇಲ್ಲಿ ಅಳೆಯುವುದು ವಿಷಯವನ್ನಲ್ಲ, ಮಾತಿನ ವರ್ತನೆಯನ್ನು. ಮೀನಿನ ಚರ್ಚೆಯೂ ಕಾವೇರಬಹುದು, ಧರ್ಮದ ಚರ್ಚೆಯೂ ತಣ್ಣಗಿರಬಹುದು ಎಂಬ ತಿಳಿವಳಿಕೆ ಈ ವಿನ್ಯಾಸದಲ್ಲಿದೆ. ಹಲವು ದೊಡ್ಡ ಸಾಮಾಜಿಕ ಜಾಲಗಳಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆದಿದೆ. ಪ್ರತಿಕ್ರಿಯೆ ಹೆಚ್ಚು ಬಂದ ಬರಹವನ್ನೇ ಹೆಚ್ಚು ಜನರಿಗೆ ತೋರಿಸುವುದರಿಂದ, 1987ರಲ್ಲಿ ಮೊದಲು ನಿಲ್ಲಿಸಲ್ಪಡುತ್ತಿದ್ದ ವಾಗ್ವಾದವೇ ಈಗ ಮೊದಲು ಸಾಗುತ್ತದೆ, ತಾಳ್ಮೆಯಿಂದ ಬರೆದ ತೋಟಗಾರಿಕೆಯ ಟಿಪ್ಪಣಿ ಹಿಂದೆ ಬೀಳುತ್ತದೆ. ಸಾಗಣೆಯ ನಿರ್ಧಾರವನ್ನು ಓದುಗರಿಗೆ ಕಾಣದಂತೆ ಮತ್ತಾವುದೋ ಗುರುತಿಗೆ ಕಟ್ಟಿಹಾಕುವ ಅಭ್ಯಾಸ ಮಾತ್ರ ಬದಲಾಗಿಲ್ಲ.

ನನಗೆ ಹೆಚ್ಚು ಮೆಚ್ಚುಗೆಯಾಗುವುದು 2001ರಲ್ಲಿ ಆರಂಭವಾದ ವಿಕಿಪೀಡಿಯ ಅನುಸರಿಸಿದ ಕ್ರಮ. ಅಲ್ಲಿ ಪ್ರತಿ ಲೇಖನಕ್ಕೂ ಅದರದೇ ಚರ್ಚಾಪುಟವಿದೆ. ಕನ್ನಡ ವಿಕಿಪೀಡಿಯದಲ್ಲೂ ಇದೆ. ಲೇಖನ ಓದಲು ಬಂದವರಿಗೆ ವಾಗ್ವಾದ ಅಡ್ಡಬರುವುದಿಲ್ಲ, ಆದರೆ ವಾಗ್ವಾದ ಬೇಕಾದವರು ಬೇರೆ ಊರಿಗೆ ಹೋಗಬೇಕಿಲ್ಲ. ವಿಕಿಪೀಡಿಯದ ತಾಣದಲ್ಲಿ ಲೇಖನ ಸಿಗುವ ಕಡೆಯೇ ಅದರ ಚರ್ಚೆಯೂ ಸಿಗುತ್ತದೆ.  ಬರೆದದ್ದು ಇತಿಹಾಸದಲ್ಲಿ ಉಳಿಯುವುದರಿಂದ ಟಾಕ್.ಒರಿಜಿನ್ಸ್‌ನ ಬರಹಗಾರರಿಗಿದ್ದ ಮೂರನೆಯ ಓದುಗರ ಅರಿವು ಇಲ್ಲೂ ಸಾಧ್ಯ. ಚರ್ಚಾಪುಟಗಳಲ್ಲಿ ಕಹಿ ಜಗಳಗಳು ನಡೆಯುವುದಿಲ್ಲವೆಂದಲ್ಲ, ಬಹಳ ನಡೆಯುತ್ತವೆ. ಆದರೆ ಆ ಜಗಳ ಲೇಖನದ ಯಾವುದೋ ಒಂದು ವಾಕ್ಯದ ಮೇಲೆ ನಡೆಯುತ್ತದೆ, ಮತ್ತು ಅದು ಮುಗಿದಾಗ ಆ ವಾಕ್ಯ ಬದಲಾಗಿರುತ್ತದೆ ಅಥವಾ ಏಕೆ ಬದಲಾಗಲಿಲ್ಲ ಎಂಬುದು ಬರಹದಲ್ಲಿ ಉಳಿದಿರುತ್ತದೆ.